ತೆನೆ ಬಂದಮೇಲೆ ಇಲಿಯ ಬೆನ್ನು ಹತ್ತಿ ಫಲವಿಲ್ಲ



ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ, ಇಲ್ಲವೇ ಭತ್ತ ತೆನೆ ತೂಗುವ ಹೊತ್ತಿಗೆ, ಪ್ರತಿ ವರ್ಷ ನಮ್ಮಲ್ಲಿಗೆ ಬರುವ ಪ್ರಶ್ನೆಗಳಲ್ಲಿ ಒಂದು ಎಂದೂ ತಪ್ಪುವುದಿಲ್ಲ. "ಹೊಲದಾಗ ಇಲಿ ಭಾಳ ಆಗ್ಯಾವ್ರೀ, ಏನರ ಔಷಧ ಹೇಳ್ರಿ." ಹೋಗಿ ನೋಡಿದರೆ ಬದುವಿನ ಮೇಲಿಂದ ಬೆಳೆ ಹುಲುಸಾಗಿಯೇ ಕಾಣುತ್ತದೆ. ಒಳಕ್ಕೆ ಹತ್ತು ಹೆಜ್ಜೆ ಇಟ್ಟಾಗ ತಿಳಿಯುತ್ತದೆ ನಡುವೆ ಅಲ್ಲಲ್ಲಿ ಬಯಲಾಗಿರುವುದು. ಇಲಿಗೆ ಅಂಚಿನ ಬೆಳಕು ಬೇಡ, ಬೆಳೆಯ ಮರೆ ಬೇಕು. ಆದ್ದರಿಂದ ಅದು ನಡುವಿನಿಂದಲೇ ಕತ್ತರಿಸಲು ತೊಡಗುತ್ತದೆ, ನಮ್ಮ ಕಣ್ಣಿಗೆ ಕೊನೆಗೆ ಬೀಳುತ್ತದೆ.

ಆಗ ನಾನು ಕೊಡುವ ಉತ್ತರ ಯಾರಿಗೂ ರುಚಿಸುವುದಿಲ್ಲ. ಔಷಧವಿದೆ, ಆದರೆ ಅದನ್ನು ಇಡುವ ಕಾಲ ಮೂರು ತಿಂಗಳ ಹಿಂದೆಯೇ ಕಳೆದುಹೋಯಿತು ಎಂಬುದೇ ಆ ಉತ್ತರ. ಏಕೆ ಹೀಗೆ ಹೇಳುತ್ತೇನೆಂಬುದನ್ನು ಇಲ್ಲಿ ವಿವರಿಸುತ್ತೇನೆ. ಇದನ್ನು ಓದುವಾಗ ನಿಮ್ಮ ಹೊಲದಲ್ಲಿ ಇಲಿಯ ಸುಳಿವೇ ಇಲ್ಲದಿದ್ದರೆ ಬಹಳ ಒಳ್ಳೆಯದು.

ಎರಡು ನೂರು ವರ್ಷದ ಹಿಂದಿನ ಒಂದು ಸಾಕ್ಷಿ

1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ಪಡೆ ಸೆರೆಹಿಡಿದ ಇಂಗ್ಲಿಷ್ ಅಧಿಕಾರಿಗಳ ವಿಷಯವನ್ನು ನೀವು ಕೇಳಿರಬಹುದು. ಅವರಲ್ಲಿ ಒಬ್ಬನಾದ ವಾಲ್ಟರ್ ಎಲಿಯಟ್ ಮುಂದೆ ಧಾರವಾಡ ಸೀಮೆಯ ಪ್ರಾಣಿಗಳ ಬಗ್ಗೆ ಬಹಳ ಎಚ್ಚರದಿಂದ ಟಿಪ್ಪಣಿ ಮಾಡಿಕೊಂಡು, 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಅದರಲ್ಲಿ ಎರೆಭೂಮಿಯ ಬಿರುಕುಗಳಲ್ಲಿ ವಾಸಿಸುವ ಒಂದು ಮೆತ್ತನೆಯ ಕೂದಲಿನ ಇಲಿಯ ವರ್ಣನೆಯಿದೆ. ಇಲಿ ಹಿಡಿಯುವುದರಲ್ಲಿ ನುರಿತಿದ್ದ ವಡ್ಡರು ಅದನ್ನು 'ಮೆಟ್ಟಾಡೆ' ಎನ್ನುತ್ತಿದ್ದರು. ಆ ಮಾತೇ ಸ್ವಲ್ಪ ತಿರುಚಿಕೊಂಡು ಇಂದಿಗೂ ಅದರ ವೈಜ್ಞಾನಿಕ ಹೆಸರಿನಲ್ಲಿ ಉಳಿದಿದೆ: ಮಿಲಾರ್ಡಿಯಾ ಮೆಲ್ಟಾಡಾ.

ಎಲಿಯಟ್ ಕಂಡದ್ದು ಇಷ್ಟು. ಸಾಮಾನ್ಯ ವರ್ಷಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದಾಗ ಎರೆಯ ಬಿರುಕುಗಳು ಕುಸಿದು ಮುಚ್ಚಿಕೊಳ್ಳುತ್ತವೆ. ಅದರೊಳಗಿನ ಇಲಿಗಳು ಲೆಕ್ಕವಿಲ್ಲದಷ್ಟು ಸಾಯುತ್ತವೆ. 1826ರಲ್ಲಿ ಮುಂಗಾರಿನ ಆರಂಭದ ಮಳೆ ಸಾಕಷ್ಟು ಬರಲಿಲ್ಲ. ಇಲಿಗಳು ಉಳಿದವು, ಹೆಚ್ಚಿದವು. ಬಿತ್ತಿದ ಬೀಜವನ್ನು ಬಿತ್ತಿದಲ್ಲೇ ತಿಂದವು. ಜೋಳ ಮಾಗುವ ಹೊತ್ತಿಗೆ ದಂಟು ಹತ್ತಿ ತೆನೆಯನ್ನೇ ಕತ್ತರಿಸಿ ಕೆಡವಿದವು. ರೈತರಿಗೆ ಕಂದಾಯ ಕಟ್ಟಲೂ ಆಗದಷ್ಟು ಹೊಲಗಳು ಹಾಳಾದವು. ಇಂತಿಷ್ಟು ಡಜನ್ ಇಲಿಗೆ ಇಂತಿಷ್ಟು ಅಳತೆ ಕಾಳು ಎಂದು ಕೊಟ್ಟು ವಡ್ಡರಿಂದ ಇಲಿ ಹಿಡಿಸಿದರು. ಅವರು ಸಾವಿರಾರು ಇಲಿಗಳನ್ನು ಕೊಂದರು. ಆದರೂ ಹೊಲದಲ್ಲಿ ಇಲಿ ಕಡಿಮೆಯಾದಂತೆ ಕಾಣಲಿಲ್ಲ ಎಂದು ಆತ ಬರೆದಿದ್ದಾನೆ.

ಇದರಲ್ಲಿ ನಮಗೆ ಬೇಕಾದ ಪಾಠಗಳು ಎರಡೂ ಇವೆ. ಇಲಿಯ ಹಾವಳಿ ತೆನೆಯ ಕಾಲದಲ್ಲಿ ಕಂಡರೂ ಅದು ಹುಟ್ಟುವುದು ಮುಂಗಾರಿಗೆ ಮುಂಚೆ. ಹೆಚ್ಚಿದ ಮೇಲೆ ಎಷ್ಟು ಕೊಂದರೂ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಮೇ–ಜೂನ್ ತಿಂಗಳ ಮಳೆ ಕೈಕೊಟ್ಟ ವರ್ಷ ನೀವು ಬೆಳೆಯ ಚಿಂತೆಯೊಡನೆ ಇಲಿಯ ಚಿಂತೆಯನ್ನೂ ಇಟ್ಟುಕೊಳ್ಳಬೇಕು.

ನಿಮ್ಮ ಹೊಲದಲ್ಲಿರುವುದು ಯಾವ ಇಲಿ?

ಎಲ್ಲವನ್ನೂ ಇಲಿ ಎಂದು ಕರೆದುಬಿಡುತ್ತೇವೆ. ಆದರೆ ಬಿಲದ ಬಾಯಿ ನೋಡಿದರೆ ಒಳಗಿರುವವರು ಯಾರೆಂದು ಬಹುಮಟ್ಟಿಗೆ ಹೇಳಬಹುದು. ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಬಿದ್ದಿದ್ದು, ಬಾಯಿ ಒಳಗಿನಿಂದ ಮಣ್ಣಿನಲ್ಲಿ ಮುಚ್ಚಿದ್ದರೆ ಅದು ಹೆಗ್ಗಣದ ಕುಲಕ್ಕೇ ಸೇರಿದ, ಅದಕ್ಕಿಂತ ಚಿಕ್ಕದಾದ ಇಲಿ. ಇದನ್ನು ಇಲ್ಲಿ ಗದ್ದೆ ಹೆಗ್ಗಣ ಎನ್ನೋಣ. ನೀರಾವರಿ ಪ್ರದೇಶದ ಭತ್ತ, ಕಬ್ಬು, ಗೋಧಿಗಳಿಗೆ ಇದರಷ್ಟು ಕೇಡು ಮಾಡುವ ಇಲಿ ಬೇರೆ ಇಲ್ಲ. ತಿನ್ನುವುದಷ್ಟೇ ಅಲ್ಲ, ತೆನೆಗಳನ್ನು ಕತ್ತರಿಸಿ ಬಿಲದೊಳಗೆ ಕೂಡಿಹಾಕುತ್ತದೆ. ಅಗೆದು ನೋಡಿದವರಿಗೆ ಒಳಗಿನ ಕಣಜದ ಪರಿಚಯವಿರುತ್ತದೆ.

ಮುಚ್ಚದೆ ಬಿಟ್ಟ ಬಾಯಿಗಳು, ಒಣ ಭೂಮಿ, ದೊಡ್ಡ ಕಣ್ಣು, ಉದ್ದನೆಯ ಹಿಂಗಾಲು, ಬಾಲದ ತುದಿಯಲ್ಲಿ ಕಪ್ಪು ಕುಚ್ಚು, ಓಡುವಾಗ ಜಿಗಿತ ಇವೆಲ್ಲ ಕಂಡರೆ ಅದು ಬಯಲು ಸೀಮೆಯ ಇಲಿ. ಶೇಂಗಾ, ಕಡಲೆ, ಜೋಳಗಳಿಗೆ ಬೀಳುತ್ತದೆ. ಎರೆಯ ಬಿರುಕಿನಲ್ಲಿರುವುದು ಮೆಟ್ಟಾಡೆ. ಹೆಬ್ಬೆರಳು ಗಾತ್ರದ ಹೊಲದ ಚಿಟ್ಟಿಲಿ ಎಲ್ಲ ಕಡೆಯೂ ಇರುತ್ತದೆ. ತೆಂಗಿನ ಮರದ ಇಲಿಯದು ಬೇರೆಯೇ ಕಥೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಹೊಡೆತ ಯಾವಾಗ?

ಗದ್ದೆ ಹೆಗ್ಗಣ ಗಬ್ಬವಾಗಿ ಸುಮಾರು ಮೂರು ವಾರಗಳಲ್ಲಿ ಮರಿ ಹಾಕುತ್ತದೆ. ಸೂಲಿಗೆ ಆರೇಳು ಮರಿಗಳು ಸಾಮಾನ್ಯ. ಮರಿ ಹಾಕಿದ ಕೆಲವೇ ದಿನಗಳಲ್ಲಿ ಮತ್ತೆ ಗಬ್ಬವಾಗಬಲ್ಲದು. ಒಂದು ಸಣ್ಣ ಲೆಕ್ಕ ಹಾಕೋಣ. ಮುಂಗಾರಿಗೆ ಮುಂಚೆ ನಿಮ್ಮ ಬದುಗಳಲ್ಲಿ ಹತ್ತು ಜೊತೆ ಇಲಿಗಳಿದ್ದವು ಎನ್ನಿ. ತೆನೆ ಬರುವುದರೊಳಗೆ ಎರಡೇ ಸೂಲು, ಸೂಲಿಗೆ ಏಳು ಮರಿ ಎಂದು ಹಿಡಿದರೂ 140 ಮರಿಗಳಾದವು. ಎಲ್ಲವೂ ಬದುಕುವುದಿಲ್ಲ, ನಿಜ. ಅರ್ಧ ಸತ್ತರೂ 70 ಉಳಿದವು. ಇಲಿ ದಿನಕ್ಕೆ ತನ್ನ ತೂಕದ ಸುಮಾರು ಹತ್ತನೇ ಒಂದು ಭಾಗ ತಿನ್ನುತ್ತದೆ. ಕತ್ತರಿಸಿ ಕೆಡವುವುದು, ಬಿಲಕ್ಕೆ ಎಳೆಯುವುದು ಇದಕ್ಕೆ ಸೇರಿಲ್ಲ. ಬೇಸಿಗೆಯಲ್ಲಿ ಇಪ್ಪತ್ತು ಇಲಿ ಕೊಲ್ಲುವ ಕೆಲಸವನ್ನು ಮುಂದಕ್ಕೆ ಹಾಕಿದರೆ ಸುಗ್ಗಿಯಲ್ಲಿ ನೂರರೊಡನೆ ಹೋರಾಡಬೇಕಾಗುತ್ತದೆ.

ಬೇಸಿಗೆಯಲ್ಲಿ ಇನ್ನೂ ಒಂದು ಅನುಕೂಲವಿದೆ. ಹೊಲ ಬರಿದಾಗಿರುವುದರಿಂದ ಇಲಿಗಳು ಎಲ್ಲೆಡೆ ಹರಡಿರುವುದಿಲ್ಲ. ದಪ್ಪ ಬದು, ಕಾಲುವೆಯ ಏರಿ, ಬೇಲಿಸಾಲು, ಬಣವೆಯ ಬುಡ, ನಿಂತಿರುವ ಕಬ್ಬು ಇವುಗಳಲ್ಲಿ ಸೇರಿಕೊಂಡಿರುತ್ತವೆ. ಹಸಿದಿರುತ್ತವೆ. ಇಟ್ಟ ತಿಂಡಿಯನ್ನು ತಿನ್ನುತ್ತವೆ. ತೆನೆಯ ಕಾಲದಲ್ಲಾದರೋ ನಾಲ್ಕು ದಿಕ್ಕಿಗೂ ಹಾಲುಗಾಳು ತುಂಬಿರುವಾಗ ನಿಮ್ಮ ಒಣ ನುಚ್ಚನ್ನು ಯಾವ ಇಲಿ ಮೂಸುತ್ತದೆ?

ಆದ್ದರಿಂದ ಮೊದಲ ಸುತ್ತಿನ ಹತೋಟಿ ಬಿತ್ತನೆಗೆ ಅಥವಾ ನಾಟಿಗೆ ಮುಂಚೆ. ಎರಡನೆಯದು, ಅಗತ್ಯ ಕಂಡುಬಂದರೆ, ಭತ್ತ ತೆಂಡೆ ಒಡೆಯುವ ಕಾಲದಲ್ಲಿ. ಆ ಹಂತದಲ್ಲಿ ಕತ್ತರಿಸಿದ ತೆಂಡೆಗೆ ಬದಲು ಬೇರೆ ತೆಂಡೆ ಬರುತ್ತದೆ, ನಷ್ಟ ತುಂಬಿಕೊಳ್ಳುತ್ತದೆ. ಹೊಡೆ ತುಂಬಿದ ಮೇಲೆ ಕತ್ತರಿಸಿದ್ದು ಹೋಯಿತೆಂದೇ ಲೆಕ್ಕ.

ಇಲಿಗಳ ಮುಖ್ಯ ಮರಿಗಾಲ ತೆನೆಯ ಕಾಲದೊಡನೆಯೇ ಬರುತ್ತದೆ. ಒಂದೇ ಬಯಲಿನಲ್ಲಿ ಒಬ್ಬರು ಜುಲೈನಲ್ಲಿ, ಇನ್ನೊಬ್ಬರು ಸೆಪ್ಟೆಂಬರಿನಲ್ಲಿ ನಾಟಿ ಮಾಡಿದರೆ ಇಲಿಗೆ ತಿಂಗಳುಗಟ್ಟಲೆ ಹಬ್ಬ. ಎಲ್ಲರೂ ಎರಡು ವಾರಗಳ ಅಂತರದೊಳಗೆ ನಾಟಿ ಮುಗಿಸಿದರೆ ಅದರ ಮರಿಗಾಲವೂ ಅಷ್ಟಕ್ಕೇ ಮೊಟಕಾಗುತ್ತದೆ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಹಾಗೆಯೇ ಗದ್ದೆಯ ಬದುಗಳನ್ನು ವರ್ಷಕ್ಕೊಮ್ಮೆ ಕೆತ್ತಿ, ಒಂದು ಅಡಿಗಿಂತ ಅಗಲವಾಗದಂತೆ ನೋಡಿಕೊಂಡರೆ ಅದರಲ್ಲಿ ಬಿಲ ತೋಡಲು ಎಡೆ ಸಿಗುವುದಿಲ್ಲ. ಮಾಗಿ ಉಳುಮೆಯೂ ಆಳವಿಲ್ಲದ ಬಿಲಗಳನ್ನು ಒಡೆಯುತ್ತದೆ.

ವಿಷ ಇಡುವ ಕ್ರಮ

ಬಿಲಗಳು ಹತ್ತಿಪ್ಪತ್ತು ಮಾತ್ರ ಇದ್ದರೆ ವಿಷದ ಗೊಡವೆಗೆ ಹೋಗಬೇಡಿ ಎಂಬುದು ನನ್ನ ಸಲಹೆ. ಅಗೆದು ಹಿಡಿಯುವ ನುರಿತವರು ಇಂದಿಗೂ ಹಳ್ಳಿಗಳಲ್ಲಿದ್ದಾರೆ. ಹೊಗೆ ಹಾಕಿ ಹಿಡಿಯಬಹುದು, ಬೋನು ಇಡಬಹುದು. ಹೆಚ್ಚಿದ್ದಾಗ ಮಾತ್ರ ವಿಷ. ಅದನ್ನು ಕ್ರಮ ತಪ್ಪದೆ ಇಡಬೇಕು, ಏಕೆಂದರೆ ಇಲಿ ಬಹಳ ಅನುಮಾನದ ಪ್ರಾಣಿ. ಹೊಸ ತಿಂಡಿಯನ್ನು ಮೊದಲು ಸ್ವಲ್ಪ ಕಚ್ಚಿ ನೋಡುತ್ತದೆ. ಹೊಟ್ಟೆ ಕೆಟ್ಟು ಸಾಯದೆ ಉಳಿದರೆ ಆ ತಿಂಡಿಯನ್ನು ವಾರಗಟ್ಟಲೆ ಮುಟ್ಟುವುದಿಲ್ಲ. ಅಂಗಡಿಯಿಂದ ಪುಡಿ ತಂದು ಅಂದೇ ಸಂಜೆ ಬೆರೆಸಿಟ್ಟು, "ಔಷಧ ಕಲಬೆರಕೆ, ಇಲಿ ಮುಟ್ಟಲೇ ಇಲ್ಲ" ಎಂದು ದೂರುವವರನ್ನು ನಾನು ಎಷ್ಟೋ ಕಂಡಿದ್ದೇನೆ. ಔಷಧದಲ್ಲಿ ದೋಷವಿರಲಿಲ್ಲ, ಅವಸರದಲ್ಲಿತ್ತು.

ಮೊದಲ ದಿನ ಸಂಜೆ ಹೊಲ, ಬದು, ಏರಿಗಳ ಮೇಲಿನ ಎಲ್ಲ ಬಿಲಗಳ ಬಾಯಿಗಳನ್ನೂ ಹಸಿ ಮಣ್ಣಿನಿಂದ ಮುಚ್ಚಿ. ಮರುದಿನ ಬೆಳಿಗ್ಗೆ ಯಾವುವು ತೆರೆದಿವೆಯೋ ಅವುಗಳಲ್ಲಿ ಮಾತ್ರ ಇಲಿ ಇದೆ. ಅವುಗಳ ಪಕ್ಕದಲ್ಲಿ ಒಂದೊಂದು ಕಡ್ಡಿ ನೆಡಿ. ನೂರು ಬಾಯಿ ಮುಚ್ಚಿದ್ದರೆ ತೆರೆದುಕೊಳ್ಳುವುದು ಬಹಳ ವೇಳೆ ಅದಕ್ಕಿಂತ ಎಷ್ಟೋ ಕಡಿಮೆ. ವಿಷ, ಶ್ರಮ ಎರಡೂ ಉಳಿದವು.

ಎರಡನೆಯ ದಿನ ಸಂಜೆ ಕಡ್ಡಿ ನೆಟ್ಟ ಬಿಲಗಳಿಗೆ ವಿಷವಿಲ್ಲದ ಬರಿಯ ತಿಂಡಿ ಇಡಬೇಕು. ನಿಮ್ಮಲ್ಲಿ ಬೆಳೆಯುವ ಧಾನ್ಯದ ನುಚ್ಚೇ ಸಾಕು. 98 ಭಾಗ ನುಚ್ಚಿಗೆ 2 ಭಾಗ ಶೇಂಗಾ ಎಣ್ಣೆ ಸವರಿ, ಬಿಲಕ್ಕೆ ಸುಮಾರು 20 ಗ್ರಾಂನಂತೆ ಒಳಗೆ ಹಾಕಿ. ಮೂರನೆಯ ದಿನ ಸುಮ್ಮನಿರಿ. ಈ ಎರಡು ದಿನಗಳಲ್ಲಿ ಇಲಿಯ ಅನುಮಾನ ಕಳೆಯುತ್ತದೆ.

ನಾಲ್ಕನೆಯ ದಿನ ಸಂಜೆ ಜಿಂಕ್ ಫಾಸ್ಫೈಡ್ ಬೆರೆಸಿದ ತಿಂಡಿ. ಒಂದು ಕಿಲೋಗ್ರಾಂ ತಯಾರಿಸಲು ನುಚ್ಚು 960 ಗ್ರಾಂ, ಎಣ್ಣೆ 20 ಗ್ರಾಂ, ಪುಡಿ 20 ಗ್ರಾಂ. ಮೊದಲು ನುಚ್ಚಿಗೆ ಎಣ್ಣೆ ಹತ್ತಿಸಿ ಆಮೇಲೆ ಪುಡಿ ಹಾಕಿದರೆ ಪ್ರತಿ ಕಾಳಿಗೂ ಅಂಟುತ್ತದೆ. ಪುಡಿ ಹೆಚ್ಚು ಹಾಕಿದರೆ ಹೆಚ್ಚು ಇಲಿ ಸಾಯುತ್ತವೆಂಬುದು ತಪ್ಪು. ವಾಸನೆಗೆ ಇಲಿ ಹಿಂಜರಿಯುತ್ತದೆ. ಇದನ್ನು 10 ಗ್ರಾಂನಂತೆ ಕಾಗದದ ಸಣ್ಣ ಪೊಟ್ಟಣ ಮಾಡಿ, ಕೋಲಿನಿಂದ ಬಿಲದೊಳಕ್ಕೆ ತಳ್ಳಿ ಬಾಯಿಯನ್ನು ಸಡಿಲವಾಗಿ ಮುಚ್ಚಿ. ಒಂದು ಕಿಲೋಗ್ರಾಂನಲ್ಲಿ ನೂರು ಬಿಲಗಳಾಗುತ್ತವೆ. ಐದನೆಯ ದಿನ ಬೆಳಿಗ್ಗೆ ಹೊರಗೆ ಬಿದ್ದ ಸತ್ತ ಇಲಿಗಳನ್ನು ಕೋಲಿನಿಂದ ಆಯ್ದು ಆಳವಾಗಿ ಹೂಳಿ, ಬಿಲಗಳನ್ನೆಲ್ಲ ಮತ್ತೆ ಮುಚ್ಚಿ.

ಹತ್ತು ಹನ್ನೆರಡು ದಿನ ಬಿಟ್ಟು ನೋಡಿದರೆ ಕೆಲವು ಬಿಲಗಳು ತೆರೆದಿರುತ್ತವೆ. ಇವು ಚಾಣಾಕ್ಷ ಇಲಿಗಳು. ಅದೇ ವಿಷವನ್ನು ಮತ್ತೆ ಇಟ್ಟರೆ ನಕ್ಕು ಸುಮ್ಮನಾಗುತ್ತವೆ. ಇವುಗಳಿಗೆ ಬ್ರೊಮಾಡಯೋಲೋನ್ ಇಡಬೇಕು. ಶೇಕಡಾ 0.25ರ ಪುಡಿ 20 ಗ್ರಾಂ, ನುಚ್ಚು 960 ಗ್ರಾಂ, ಎಣ್ಣೆ 20 ಗ್ರಾಂ ಬೆರೆಸಿದರೆ ಶೇಕಡಾ 0.005ರ ತಿಂಡಿಯಾಗುತ್ತದೆ. ಬಿಲಕ್ಕೆ 15 ಗ್ರಾಂ. ಇದಕ್ಕೆ ಮುಂಚೆ ಬರಿಯ ತಿಂಡಿ ಇಡುವ ಅಗತ್ಯವಿಲ್ಲ. ತಿಂದ ಇಲಿ ರಕ್ತ ಹೆಪ್ಪುಗಟ್ಟದೆ ಕೆಲವು ದಿನಗಳ ನಂತರ ಸಾಯುವುದರಿಂದ ಯಾವ ತಿಂಡಿಯಿಂದ ಕೇಡಾಯಿತೆಂದು ಅದಕ್ಕೆ ತಿಳಿಯುವುದೇ ಇಲ್ಲ. ಮರುದಿನವೇ ಹೆಣ ಕಾಣಲಿಲ್ಲವೆಂದು ನಿರಾಶರಾಗಬೇಡಿ.

ಇನ್ನು ಎಚ್ಚರಿಕೆಯ ಮಾತು. ಇದನ್ನು ದಯವಿಟ್ಟು ಎರಡು ಸಲ ಓದಿ. ಜಿಂಕ್ ಫಾಸ್ಫೈಡಿಗೆ ಪ್ರತಿವಿಷ ಎಂಬುದು ಇಲ್ಲ. ತೇವ ತಗಲಿದರೂ, ಹೊಟ್ಟೆಯ ಆಮ್ಲ ತಗಲಿದರೂ ಅದರಿಂದ ಮಾರಕ ಅನಿಲ ಹೊರಡುತ್ತದೆ. ಆದ್ದರಿಂದ ಮನೆಯೊಳಗೆ ಬೆರೆಸಕೂಡದು. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಒಣ ಪಾತ್ರೆಯಲ್ಲಿ ಉದ್ದನೆಯ ಕೋಲಿನಿಂದ ಬೆರೆಸಿ. ಕೈಗೆ ಗವಸು, ಮೂಗಿಗೆ ಬಟ್ಟೆ ಇರಲಿ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಬರಕೂಡದು. ಅಂದಿಗೆ ಬೇಕಾದಷ್ಟನ್ನೇ ತಯಾರಿಸಿ. ಕಾಗದದ ಪೊಟ್ಟಣ ಮಕ್ಕಳ ಕಣ್ಣಿಗೆ ಅಂಗಡಿಯ ತಿಂಡಿಯಂತೆಯೇ ಕಾಣುತ್ತದೆ. ಆದ್ದರಿಂದ ಎಣಿಸಿ ಒಯ್ಯಿರಿ, ಎಣಿಸಿ ಇಡಿ, ಉಳಿದದ್ದನ್ನು ಜೇಬಿನಲ್ಲಿ ಮನೆಗೆ ತರದೆ ಅಲ್ಲಿಯೇ ಹೂಳಿ. ಯಾರಾದರೂ ತಿಂದರೆ ಮನೆಮದ್ದಿನಲ್ಲಿ ಒಂದು ಗಳಿಗೆಯನ್ನೂ ಕಳೆಯದೆ ಔಷಧದ ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯಬೇಕು. ಬ್ರೊಮಾಡಯೋಲೋನಿಗೆ ವಿಟಮಿನ್ ಕೆ-1 ಪ್ರತಿವಿಷವಾಗಿ ಕೆಲಸ ಮಾಡುತ್ತದೆ. ಯಾವ ವಿಷವೆಂದು ವೈದ್ಯರಿಗೆ ತಿಳಿಯಲೆಂದೇ ಡಬ್ಬಿ ಬೇಕು.

ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಯಾರಾದರೂ ಗುಟ್ಟಾಗಿ ಕೊಟ್ಟರೂ ಕೊಳ್ಳಬೇಡಿ. ಅದನ್ನು ತರಬೇತಿ ಪಡೆದು ಪರವಾನಗಿ ಹೊಂದಿದವರು ಮಾತ್ರ ಬಳಸತಕ್ಕದ್ದು. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಅನ್ನಕ್ಕೆ ಕಲಸಿ ಬದುವಿನ ಮೇಲೆ ಚೆಲ್ಲುವುದರಿಂದ ಸಾಯುವುದು ನಾಯಿ, ನವಿಲು, ಕೋಳಿಗಳು. ಬದುವಿನ ಸುತ್ತ ಕರೆಂಟಿನ ತಂತಿ ಎಳೆಯುವುದಂತೂ ಅಪರಾಧ. ಇಲಿಗೆಂದೋ ಹಂದಿಗೆಂದೋ ಎಳೆದ ತಂತಿಗೆ ನೀರು ಕಟ್ಟಲು ಹೋದ ಮನೆಯವರೇ ಬಲಿಯಾದ ಸುದ್ದಿಗಳನ್ನು ನೀವೂ ಓದಿದ್ದೀರಿ.

ನಮ್ಮ ತಾಕಿನಲ್ಲೇ ಆದದ್ದು

ಇಷ್ಟೆಲ್ಲ ಕ್ರಮ ಬಲ್ಲವರ ಹೊಲ ಉಳಿಯುತ್ತದೆಯೇ? ನಮ್ಮ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಭತ್ತದ ತಳಿಗಳ ಹೋಲಿಕೆಗೆ ಒಂದು ಪ್ರಯೋಗ ಇಟ್ಟಿದ್ದೆ. ನಾಟಿಗೆ ಮುಂಚೆ ಬಿಲ ಮುಚ್ಚಿ, ತಿಂಡಿ ಇಟ್ಟು, ವಿಷ ಇಟ್ಟು ಎಲ್ಲವನ್ನೂ ಮೇಲೆ ಹೇಳಿದಂತೆಯೇ ಮಾಡಿಸಿದ್ದೆ. ಒಂದು ಬಿಲವೂ ಉಳಿದಿರಲಿಲ್ಲ. ಪಕ್ಕದಲ್ಲಿ ಬೇರೊಬ್ಬರ ಕಬ್ಬು ನಿಂತಿತ್ತು. ಅತ್ತ ನಾನು ಹೋಗಲಿಲ್ಲ, ಅವರೊಡನೆ ಮಾತೂ ಆಡಲಿಲ್ಲ. ಭತ್ತ ಹೊಡೆ ತುಂಬಿದಾಗ ಆ ಕಬ್ಬು ಕಟಾವಿಗೆ ಬಂತು. ಮರೆ ತಪ್ಪಿದ ಇಲಿಗಳು ಇನ್ನೆಲ್ಲಿಗೆ ಹೋಗಬೇಕು? ಒಂದು ವಾರದೊಳಗೆ ನನ್ನ ತಾಕುಗಳಲ್ಲಿ ಇಳುವರಿ ಲೆಕ್ಕ ಹಾಕುವಂಥದ್ದೇನೂ ಉಳಿಯಲಿಲ್ಲ. ಒಂದು ಹಂಗಾಮಿನ ಕೆಲಸ ಹೋಯಿತು. ನನಗೆ ಸಂಬಳವಿತ್ತು, ಅದೇ ಗದ್ದೆಯನ್ನು ನಂಬಿದ ಸಂಸಾರವಾಗಿದ್ದರೆ ಏನಾಗುತ್ತಿತ್ತೆಂದು ಅಂದು ಬಹಳ ಹೊತ್ತು ಯೋಚಿಸಿದೆ.

ಇಲಿಗೆ ಸರ್ವೆ ನಂಬರು ತಿಳಿಯದು. ನೀವೊಬ್ಬರೇ ಶುಚಿ ಮಾಡಿದ ಎರಡು ಎಕರೆಗೆ ಸುತ್ತಲಿನ ಇಲಿಗಳು ಕೆಲವೇ ವಾರಗಳಲ್ಲಿ ಬಂದು ತುಂಬುತ್ತವೆ. ಹೀಗಾಗಿ ಒಂದು ಬಯಲಿನವರೆಲ್ಲ ಕೂಡಿ ಒಂದೇ ವಾರದಲ್ಲಿ ಈ ಐದು ದಿನಗಳ ಕೆಲಸ ಮಾಡಬೇಕು. ಕಬ್ಬಿನವರನ್ನು ಮೊದಲು ಒಪ್ಪಿಸಿ. ಕಾಲುವೆಯ ಏರಿ, ಗೋಮಾಳ, ರಸ್ತೆಬದಿ ಇವು ಯಾರವೂ ಅಲ್ಲವೆಂದು ಬಿಟ್ಟರೆ ಇಲಿಯವಾಗುತ್ತವೆ. ಅವುಗಳನ್ನು ಪಂಚಾಯಿತಿಯ ಮೂಲಕ ಸೇರಿಸಿಕೊಳ್ಳಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಮುಂಚೆಯೇ ತಿಳಿಸಿದರೆ ತಿಂಡಿ ಬೆರೆಸುವ ಕ್ರಮ ತೋರಿಸಲು ಅಲ್ಲಿನವರನ್ನು ಕರೆಸಿಕೊಳ್ಳಬಹುದು. ದಿನ ಗೊತ್ತುಮಾಡಿ ಊರಿನಲ್ಲಿ ಡಂಗುರ ಹಾಕಿಸಿ; ದನ, ನಾಯಿಗಳನ್ನು ಕಟ್ಟಿಹಾಕಲೂ ಅದು ಬೇಕು.

ಗೂಬೆ, ಕೇರೆಹಾವು

ಬಿಳಿ ಮುಖದ ಕಣಜದ ಗೂಬೆಯ ಮುಖ್ಯ ಆಹಾರ ಇಲಿ. ಅಪಶಕುನವೆಂದು ಅದಕ್ಕೆ ಕಲ್ಲು ಹೊಡೆಯುವವರು ಇನ್ನೂ ಇದ್ದಾರೆ. ಕೇರೆಹಾವಿಗೆ ವಿಷವಿಲ್ಲ, ಅದು ಬಿಲದೊಳಕ್ಕೇ ನುಗ್ಗಿ ಹಿಡಿಯುತ್ತದೆ. ಇವನ್ನು ಉಳಿಸಿಕೊಳ್ಳಿ. ಬಿತ್ತಿದ ಮೇಲೆ ಹೊಲದಲ್ಲಿ ಅಲ್ಲಲ್ಲಿ ಅಡ್ಡಪಟ್ಟಿ ಬಡಿದ ಎತ್ತರದ ಗೂಟಗಳನ್ನು ನೆಟ್ಟರೆ ಗೂಬೆ ಕೂತು ಬೇಟೆಯಾಡುತ್ತದೆ. ಕಾಳು ಕಟ್ಟುವ ಮುಂಚೆ ಮಾತ್ರ ಕಿತ್ತುಬಿಡಬೇಕು, ಇಲ್ಲದಿದ್ದರೆ ಗಿಳಿಗಳಿಗೆ ಆಸನವಾದೀತು. ಆದರೆ ಗೂಬೆಯೊಂದೇ ಸಾಕೆಂದು ನಾನು ಹೇಳಲಾರೆ. ಇಲಿ ಹೆಚ್ಚುವ ವೇಗಕ್ಕೆ ಗೂಬೆ ಹೆಚ್ಚುವುದಿಲ್ಲ. ವಿಷ ತಿಂದ ಇಲಿಯನ್ನು ತಿಂದರೆ ಅದಕ್ಕೂ ಅಪಾಯ. ಸತ್ತ ಇಲಿಗಳನ್ನು ಹೂಳಬೇಕೆನ್ನಲು ಇದೂ ಒಂದು ಕಾರಣ.

ತೆಂಗಿನ ತೋಟದಲ್ಲಿ

ಮರದ ಕೆಳಗೆ ತೊಟ್ಟಿನ ಬಳಿ ತೂತಾದ ಎಳೆಗಾಯಿಗಳು ಬಿದ್ದಿದ್ದರೆ ಅದು ಮರದ ಇಲಿಯ ಕೆಲಸ. ಇದು ನೆಲಕ್ಕೆ ಇಳಿಯದೆ ಗರಿಯಿಂದ ಗರಿಗೆ ದಾಟುತ್ತದೆ. ನೆಲದ ಬಿಲಕ್ಕೆ ಇಟ್ಟ ವಿಷ ಇದಕ್ಕೆ ಮುಟ್ಟುವುದಿಲ್ಲ. ಮರಗಳು ದೂರದೂರ ಇದ್ದು ಗರಿಗಳು ಒಂದಕ್ಕೊಂದು ತಾಗದಿದ್ದರೆ, ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ತಗಡನ್ನು ಕಾಂಡಕ್ಕೆ ಸುತ್ತಿದರೆ ಸಾಕು. ಗರಿ ತಾಗುವ ತೋಟದಲ್ಲಿ ತಗಡು ದಂಡ. ಅಲ್ಲಿ ಐದು ಮರಗಳಿಗೆ ಒಂದರಂತೆ ಆರಿಸಿ, ಸುಳಿಯ ಬಳಿ 10 ಗ್ರಾಂ ತೂಕದ ಬ್ರೊಮಾಡಯೋಲೋನ್ ಮೇಣದ ಬಿಲ್ಲೆಯನ್ನು 12 ದಿನಗಳ ಅಂತರದಲ್ಲಿ ಎರಡು ಸಲ ಇಡಬೇಕು.

ಇನ್ನೊಂದು ವಿಷಯ. ಇಲಿಯ ಮೂತ್ರ ಬೆರೆತ ಕೆಸರಿನಿಂದ, ಕಾಲಿನ ಗಾಯ ಬಿರುಕುಗಳ ಮೂಲಕ ಇಲಿಜ್ವರ ತಗಲುತ್ತದೆ. ನಾಟಿಯ ಕಾಲದಲ್ಲಿ ಗಾಯಗಳಿಗೆ ಪಟ್ಟಿ ಕಟ್ಟಿಕೊಂಡೇ ಗದ್ದೆಗೆ ಇಳಿಯಿರಿ. ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಂಡರೆ ಗದ್ದೆ ಕೆಲಸ ಮಾಡುತ್ತಿರುವುದನ್ನು ವೈದ್ಯರಿಗೆ ತಿಳಿಸಿ. ಬೇಗ ಕಂಡುಹಿಡಿದರೆ ವಾಸಿಯಾಗುವ ಕಾಯಿಲೆ ಇದು.

ಈಗ ನಿಮ್ಮ ಹೊಲ ಬರಿದಾಗಿದ್ದರೆ, ಇಂದೇ ಸಂಜೆ ಒಂದು ಸಲಿಕೆ ಹಿಡಿದು ಬದುಗಳ ಮೇಲೆ ಒಂದು ಸುತ್ತು ಬನ್ನಿ. ಕಂಡ ಬಿಲಗಳನ್ನೆಲ್ಲ ಮುಚ್ಚಿ, ಎಷ್ಟು ಮುಚ್ಚಿದಿರೆಂದು ಬರೆದಿಡಿ. ನಾಳೆ ಬೆಳಿಗ್ಗೆ ಎಷ್ಟು ತೆರೆದಿವೆಯೆಂದು ಎಣಿಸಿ, ಆ ಲೆಕ್ಕವನ್ನು ಪಕ್ಕದ ಹೊಲದವರಿಗೂ ತೋರಿಸಿ.